ಇನ್ ಫ್ಲೇಮ್ಸ್: ಹಳೇದು ಕೇಳಬೇಕಾ, ಹೊಸದು ಕೇಳಬೇಕಾ?

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಇನ್ ಫ್ಲೇಮ್ಸ್ ಅನ್ನುವ ಮೆಟಲ್ ಬ್ಯಾಂಡಿನ ಅಭಿಮಾನಿಗಳಲ್ಲಿ ಎರಡು ಬಣ. 2000ನೇ ಇಸವಿಗೇ ಈ ಬ್ಯಾಂಡಿನ ಕಥೆ ಮುಗಿಯಿತು ಅನ್ನುವವರು ಒಂದು ಬಣ. ಅಲ್ಲಿಂದಾಚೆಗೇ ನಿಜವಾಗಿ ಶುರುವಾಯಿತು ಅನ್ನುವವರು ಇನ್ನೊಂದು. ಹೊಸ ಆಲ್ಬಮ್ ಬಂದಾಗಲೆಲ್ಲ ಮೊದಲ ಬಣ ‘ಇದು 1996ರ ದಿ ಜೆಸ್ಟರ್ ರೇಸ್ ಆಲ್ಬಮ್ ಥರ ಇಲ್ಲ’ ಅನ್ನುತ್ತದೆ. ಎರಡನೆಯ ಬಣ ‘ಇನ್ನೂ 1996ರಲ್ಲೇ ಇದ್ದೀಯಲ್ಲ ಮಾರಾಯ’ ಅನ್ನುತ್ತದೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಇದೇ ಮಾತು, ಇದೇ ಉತ್ತರ.

ಈ ಗಲಾಟೆಯಲ್ಲಿ ಸಿಕ್ಕಿಕೊಳ್ಳುವವರು ಹೊಸದಾಗಿ ಕೇಳಲು ಹೊರಟವರು. 1994ರಿಂದ 2023ರವರೆಗೆ 14 ಸ್ಟುಡಿಯೋ ಆಲ್ಬಮ್‌ಗಳಿವೆ. ಯಾವುದೋ ಒಂದನ್ನು ಸುಮ್ನೆ ಹಾಕಿ, ಹಿಡಿಸದೆ, ಬ್ಯಾಂಡಿನ ಸಹವಾಸವನ್ನೇ ಬಿಟ್ಟವರಿದ್ದಾರೆ. ಅವರದು ತಪ್ಪಲ್ಲ. ಒಬ್ಬರಿಗೆ ಪ್ರಾಣವಾದ ಆಲ್ಬಮ್ ಇನ್ನೊಬ್ಬರಿಗೆ ತಲೆನೋವು ಅನ್ನಿಸುವಷ್ಟು ಈ ಬ್ಯಾಂಡ್ ಬದಲಾಗಿದೆ. ಹಾಗಾಗಿ ಯಾವ ಕಾಲದ ಇನ್ ಫ್ಲೇಮ್ಸ್ ಯಾರಿಗೆ ಒಗ್ಗುತ್ತದೆ ಅಂತ ಇಲ್ಲಿ ಹೋಲಿಸಿ ನೋಡೋಣ. ಮುಂದೆ ಅವರು ಯಾವ ಕಡೆ ಹೋಗಬೇಕು ಅನ್ನುವ ವಾದಕ್ಕೂ ಬರೋಣ.

ಸಾಮಾನ್ಯವಾಗಿ ಈ ಬದಲಾವಣೆಯನ್ನು ಹೀಗೆ ಹೇಳುತ್ತಾರೆ: ಮೊದಲು ಗ್ರೌಲ್ (ಗಂಟಲಾಳದಿಂದ ಗುರುಗುಟ್ಟುವ ದನಿ) ಇತ್ತು, ಆಮೇಲೆ ಕ್ಲೀನ್ ವೋಕಲ್ಸ್ (ಮಾಮೂಲಿ ಹಾಡಿನ ದನಿ) ಬಂತು. ಮೊದಲು ವೇಗ ಇತ್ತು, ಆಮೇಲೆ ಮೆತ್ತಗಾದರು. ಮೊದಲು ಸ್ವೀಡನ್, ಆಮೇಲೆ ಅಮೆರಿಕ. ಇದರಲ್ಲಿ ಅರ್ಧ ನಿಜ ಇದೆ. ಆದರೆ ಆಲ್ಬಮ್‌ಗಳನ್ನು ಸಾಲಾಗಿ ಕೇಳಿದರೆ ಬೇರೊಂದು ವಿಷಯ ಗೊತ್ತಾಗುತ್ತದೆ. ಮೆಲೋಡಿ ಯಾವತ್ತೂ ಕಡಿಮೆಯಾಗಿಲ್ಲ, ಅದು ಇರುವ ಜಾಗ ಬದಲಾಗಿದೆ. ಹಳೆಯ ಆಲ್ಬಮ್‌ಗಳಲ್ಲಿ ಅದು ಗಿಟಾರಿನಲ್ಲಿದೆ. ಹೊಸವುಗಳಲ್ಲಿ ಗಂಟಲಿನಲ್ಲಿದೆ. ಸಂಗೀತ ಕಚೇರಿಯಲ್ಲಿ ಪಿಟೀಲಿನವರು ನಡುವೆ ಕೂತು ರಾಗ ನುಡಿಸುತ್ತ, ಹಾಡುಗಾರರು ಪಕ್ಕದಲ್ಲಿ ಕೂತು ಕೊನ್ನಕ್ಕೋಲು ಹೇಳುತ್ತಿದ್ದರೆ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಹಳೆಯ ಇನ್ ಫ್ಲೇಮ್ಸ್ ಹೆಚ್ಚುಕಡಿಮೆ ಹಾಗೆ. ಆಮೇಲೆ ಆಮೇಲೆ ಹಾಡುಗಾರರು ನಡುವಿನ ಜಾಗಕ್ಕೆ ಬಂದರು, ಪಿಟೀಲು ಪಕ್ಕಕ್ಕೆ ಸರಿಯಿತು.

ಆಯ್ಕೆ ಮಾಡುವವರು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆಯೂ ಇದೇ. ಹಾಡು ಮುಗಿದ ಮೇಲೆ ನಿಮ್ಮ ಬಾಯಲ್ಲಿ ಉಳಿಯುವುದು ಗಿಟಾರಿನ ತುಣುಕೋ, ಹಾಡಿನ ಸಾಲೋ?

ಗಿಟಾರೇ ಹಾಡುವ ಕಾಲ

1994ರ ಲೂನಾರ್ ಸ್ಟ್ರೈನ್ ಮೊದಲ ಆಲ್ಬಮ್. ಜನಪದ ಧಾಟಿಯ ಗಿಟಾರ್ ರಾಗಗಳು, ಒರಟು ರೆಕಾರ್ಡಿಂಗ್. ಇದರಿಂದ ಶುರು ಮಾಡಬೇಡಿ. ಇದರಲ್ಲಿ ಹಾಡಿದವರು ಬ್ಯಾಂಡಿನ ಸದಸ್ಯರೇ ಅಲ್ಲ, ಡಾರ್ಕ್ ಟ್ರಾಂಕ್ವಿಲಿಟಿ ಅನ್ನುವ ಅದೇ ಊರಿನ ಇನ್ನೊಂದು ಬ್ಯಾಂಡಿನ ಮಿಕೇಲ್ ಸ್ಟಾನೆ. ತಮಾಷೆ ಅಂದರೆ ಆ ಬ್ಯಾಂಡಿನ 1993ರ ಮೊದಲ ಆಲ್ಬಮ್ಮಿನಲ್ಲಿ ಹಾಡಿದ್ದು ಆಂಡರ್ಸ್ ಫ್ರಿಡೆನ್. ಅವರು 1995ರಲ್ಲಿ ಇನ್ ಫ್ಲೇಮ್ಸ್‌ಗೆ ಬಂದರು, ಇವತ್ತಿಗೂ ಇಲ್ಲೇ ಇದ್ದಾರೆ. ಸ್ಟಾನೆ ಡಾರ್ಕ್ ಟ್ರಾಂಕ್ವಿಲಿಟಿಯ ಹಾಡುಗಾರರಾದರು, ಅವರೂ ಇವತ್ತಿಗೂ ಅಲ್ಲೇ. ಗೋಥೆನ್‌ಬರ್ಗ್‌ನ ಮೆಟಲ್ ಅಂದರೆ ಎಷ್ಟು ಸಣ್ಣ ಓಣಿಯ ಕಥೆ ಅಂತ ಇದರಿಂದಲೇ ತಿಳಿಯುತ್ತದೆ.

ಆಮೇಲೆ ಬಂದದ್ದು 1996ರ ದಿ ಜೆಸ್ಟರ್ ರೇಸ್. ವಾದವೆಲ್ಲ ಇದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಮೊದಲ ಹಾಡು ‘ಮೂನ್‌ಶೀಲ್ಡ್’ ಶುರುವಾಗುವುದು ಅಕೌಸ್ಟಿಕ್ ಗಿಟಾರಿನಿಂದ. ಅದೇ ರಾಗ ಎಲೆಕ್ಟ್ರಿಕ್ ಗಿಟಾರುಗಳಿಗೆ ದಾಟುತ್ತದೆ. ಎರಡು ಗಿಟಾರುಗಳು ಒಂದೇ ಧಾಟಿಯನ್ನು ಬೇರೆ ಬೇರೆ ಸ್ವರಗಳಲ್ಲಿ ಜೊತೆಜೊತೆಗೆ ನುಡಿಸುತ್ತವೆ. ಈ ಜೋಡಿ ಗಿಟಾರಿನ ವಿದ್ಯೆ ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡಿನ ಕಡೆಯದು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಡನ್ ಕಚೇರಿ ಕೇಳಿದವರಿಗೆ ಅದರ ರುಚಿ ಬಿಡಿಸಿ ಹೇಳಬೇಕಿಲ್ಲ. ಮೇಡನ್‌ನಲ್ಲಿ ಅದರ ಮೇಲೆ ಬ್ರೂಸ್ ಡಿಕಿನ್ಸನ್ ಅವರ ತಾರಸ್ಥಾಯಿಯ ದನಿ ಇರುತ್ತದೆ. ಇಲ್ಲಿ ಇರುವುದು ಫ್ರಿಡೆನ್ ಅವರ ಗ್ರೌಲ್. ಆ ಗ್ರೌಲ್‌ನಲ್ಲಿ ರಾಗ ಇಲ್ಲ, ಲಯ ಇದೆ. ರಾಗದ ಕೆಲಸ ಪೂರ್ತಿ ಗಿಟಾರಿನದು. ಹಾಗಾಗಿಯೇ ಆಲ್ಬಮ್ಮಿನಲ್ಲಿ ಮಾತೇ ಇಲ್ಲದ ವಾದ್ಯದ ತುಣುಕುಗಳೂ ಇವೆ, ಅವು ಬಂದಾಗ ಏನೋ ಕಮ್ಮಿಯಾಯಿತು ಅನ್ನಿಸುವುದೇ ಇಲ್ಲ.

ಒಂದು ಎಚ್ಚರಿಕೆ. ಮೊದಲ ಸಲ ಕೇಳುವಾಗ ಹಾಡುಗಳೆಲ್ಲ ಒಂದೇ ಥರ ಕೇಳಿಸಬಹುದು. ನಮ್ಮಲ್ಲಿ ಹಾಡು ಅಂದರೆ ಮೊದಲು ದನಿ. ಸಿನಿಮಾ ಹಾಡು, ಭಾವಗೀತೆ ಕೇಳಿ ಬೆಳೆದ ಕಿವಿ ಮೊದಲು ಹಾಡುಗಾರರನ್ನೇ ಹಿಡಿಯುತ್ತದೆ. ಇಲ್ಲಿ ಆ ದನಿಯ ಬೆನ್ನು ಹತ್ತಿದರೆ ಏನೂ ಸಿಗುವುದಿಲ್ಲ. ಫ್ರಿಡೆನ್ ಅವರನ್ನು ಮರೆತು ಎಡ ಬಲದ ಗಿಟಾರುಗಳನ್ನು ಕೇಳಿ. ಹೆಡ್‌ಫೋನ್ ಇದ್ದರೆ ಜಾಸ್ತಿ ಒಳ್ಳೆಯದು.

1997ರ ಹೋರಾಕಲ್ ಇದರದೇ ತಮ್ಮ. ಸ್ವಲ್ಪ ಹೆಚ್ಚು ಅಚ್ಚುಕಟ್ಟು. ಇದರಲ್ಲಿ ಡೆಪೆಶ್ ಮೋಡ್ ಬ್ಯಾಂಡಿನ ಒಂದು ಹಾಡನ್ನು ತಮ್ಮ ಧಾಟಿಯಲ್ಲಿ ನುಡಿಸಿದ್ದಾರೆ. ಸಿಂಥ್ ಪಾಪ್ (ಎಲೆಕ್ಟ್ರಾನಿಕ್ ಕೀಬೋರ್ಡಿನ ಪಾಪ್ ಸಂಗೀತ) ಕಡೆಗೆ ಇವರ ಕಣ್ಣು ಆಗಲೇ ಇತ್ತು ಅನ್ನುವುದಕ್ಕೆ ಇದು ಸಾಕ್ಷಿ. ಮುಂದೆ ಕೀಬೋರ್ಡ್ ಜಾಸ್ತಿಯಾದಾಗ ‘ಇದೆಲ್ಲಿಂದ ಬಂತು’ ಅಂತ ಆಶ್ಚರ್ಯಪಟ್ಟವರು ಈ ಹಾಡನ್ನು ಮರೆತಿದ್ದರು.

1999ರ ಕಾಲೊನಿ ಹೊತ್ತಿಗೆ ಮುಂದೆ ಹತ್ತು ವರ್ಷ ಉಳಿದ ತಂಡ ಕೂಡಿಬಂದಿತ್ತು. ಹಾಡಿಗೆ ಫ್ರಿಡೆನ್, ಗಿಟಾರಿಗೆ ಜೆಸ್ಪರ್ ಸ್ಟ್ರೋಂಬ್ಲಾಡ್ ಮತ್ತು ಬ್ಯೋರ್ನ್ ಗೆಲೊಟ್, ಬಾಸ್‌ಗೆ ಪೀಟರ್ ಐವರ್ಸ್, ಡ್ರಮ್ಸ್‌ಗೆ ಡೇನಿಯಲ್ ಸ್ವೆನ್ಸನ್. ಗೆಲೊಟ್ ಅದಕ್ಕೂ ಮುಂಚಿನ ಎರಡು ಆಲ್ಬಮ್‌ಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು! ಡ್ರಮ್ಸ್ ಬಿಟ್ಟು ಗಿಟಾರ್ ಹಿಡಿದು, ಕೊನೆಗೆ ಬ್ಯಾಂಡಿನ ಮುಖ್ಯ ರಚನೆಕಾರರೇ ಆದರು.

ಕ್ಲೇಮನ್: ಎರಡೂ ಬಣ ಒಪ್ಪುವ ಆಲ್ಬಮ್

2000ದ ಕ್ಲೇಮನ್ ಬಗ್ಗೆ ಜಗಳ ಕಡಿಮೆ. ಹಳೆಯವರಿಗೆ ಇದು ಕೊನೆಯ ಒಳ್ಳೆಯ ಆಲ್ಬಮ್, ಹೊಸಬರಿಗೆ ಮೊದಲ ಒಳ್ಳೆಯ ಆಲ್ಬಮ್. ‘ಓನ್ಲಿ ಫಾರ್ ದ ವೀಕ್’ ಕೇಳಿದರೆ ಕಾರಣ ತಿಳಿಯುತ್ತದೆ. ಗಿಟಾರಿನ ರಾಗ ಹಾಗೇ ಇದೆ. ಜೊತೆಗೆ ಕುಣಿಯಬಹುದಾದ ನಡೆ ಇದೆ, ಬಾಯಿಪಾಠ ಮಾಡಬಹುದಾದ ಸಾಲೂ ಇದೆ. ಗಿಟಾರ್, ದನಿ ಎರಡಕ್ಕೂ ಸಮಪಾಲು ಸಿಕ್ಕಿರುವ ಅಪರೂಪದ ಹೊತ್ತು ಅದು.

ಹಿಂದಿನವುಗಳ ಹಾಗೆ ಇದರ ರೆಕಾರ್ಡಿಂಗೂ ಆಗಿದ್ದು ಫ್ರೆಡ್ರಿಕ್ ನೋರ್ಡ್‌ಸ್ಟ್ರೋಮ್ ಅವರ ಸ್ಟುಡಿಯೋ ಫ್ರೆಡ್ಮನ್‌ನಲ್ಲಿ. ಗೋಥೆನ್‌ಬರ್ಗ್ ಶೈಲಿ ಅಂತ ಜಗತ್ತು ಗುರುತಿಸುವ ಆ ಗಿಟಾರ್ ಸದ್ದಿನ ತವರು ಈ ಸ್ಟುಡಿಯೋ. ಅಟ್ ದ ಗೇಟ್ಸ್ ಬ್ಯಾಂಡಿನ 1995ರ ಹೆಸರುವಾಸಿ ಆಲ್ಬಮ್ ಕೂಡ ಅಲ್ಲಿಯದೇ.

ಸದ್ದು ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಒಂದು ಸುಲಭ ಪರೀಕ್ಷೆ ಇದೆ. ಕ್ಲೇಮನ್‌ಗೆ 20 ವರ್ಷ ಆದಾಗ, 2020ರಲ್ಲಿ, ಬ್ಯಾಂಡ್ ಇದರ ನಾಲ್ಕು ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿ ಬಿಡುಗಡೆ ಮಾಡಿತು. ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ಕೇಳಿ. ಸ್ವರ ಅದೇ, ಸಾಲು ಅದೇ. ಹೊಸದರಲ್ಲಿ ದನಿ ಮುಂದಿದೆ, ಎಲ್ಲವೂ ನುಣ್ಣಗೆ ಪಾಲಿಶ್ ಆಗಿದೆ. ಹಳೆಯದರಲ್ಲಿ ಗಿಟಾರ್ ಮೈಮೇಲೆ ಬರುತ್ತದೆ. ನಿಮಗೆ ಯಾವುದು ಹಿಡಿಸಿತೋ ಆ ಬಣಕ್ಕೆ ನೀವು ಸೇರಿದಿರಿ ಅಂತ ಲೆಕ್ಕ. ನನಗೆ ಹಳೆಯದೇ ಸರಿ. ಅಭಿಮಾನಿಗಳಲ್ಲಿ ತುಂಬ ಜನಕ್ಕೂ ಹೊಸದು ಹಿಡಿಸಲಿಲ್ಲ.

2002: ಜಗಳ ಶುರುವಾದ ವರ್ಷ

ರೀರೂಟ್ ಟು ರಿಮೇನ್ ಬಂದದ್ದು 2002ರಲ್ಲಿ. ಸ್ಟುಡಿಯೋ ಬದಲಾಯಿತು, ಪ್ರೊಡ್ಯೂಸರ್ ಬದಲಾದರು. ಡೇನಿಯಲ್ ಬರ್ಗ್‌ಸ್ಟ್ರಾಂಡ್ ಬಂದರು. ‘ಕ್ಲೌಡ್ ಕನೆಕ್ಟೆಡ್’ ಹಾಡಿನಲ್ಲಿ ಮೊದಲು ಕಿವಿಗೆ ಬೀಳುವುದು ಸಿಂಥ್, ಆಮೇಲೆ ಮೊಟಕಾದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು), ಆಮೇಲೆ ಫ್ರಿಡೆನ್ ಅವರ ಹೊಸ ದನಿ. ಪೂರ್ತಿ ಗ್ರೌಲೂ ಅಲ್ಲ, ಪೂರ್ತಿ ಹಾಡೂ ಅಲ್ಲ. ಮೂಗಿನಿಂದ ಬರುವ ಒಂಥರಾ ಗೋಳು. ಕೆಲವರಿಗೆ ಅದೇ ಇಷ್ಟ, ಕೆಲವರಿಗೆ ಮೈ ಉರಿಯುತ್ತದೆ. ನನಗೆ ಅರ್ಧ ಹಾಡುಗಳಲ್ಲಿ ಇಷ್ಟ, ಇನ್ನರ್ಧದಲ್ಲಿ ಸಾಕಪ್ಪಾ ಅನ್ನಿಸುತ್ತದೆ.

ಆಗ ಅಮೆರಿಕದಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಕಿಲ್‌ಸ್ವಿಚ್ ಎಂಗೇಜ್ ಥರದ ಹುಡುಗರ ಬ್ಯಾಂಡುಗಳು ಗೋಥೆನ್‌ಬರ್ಗ್‌ನ ಹಳೆಯ ರಿಫ್‌ಗಳನ್ನು ತೆಗೆದುಕೊಂಡು, ಅದಕ್ಕೆ ಹಾಡಬಹುದಾದ ಕೋರಸ್ (ಪಲ್ಲವಿಯ ಥರ ಮರಳಿ ಮರಳಿ ಬರುವ ಭಾಗ) ಸೇರಿಸಿ ಮೆಟಲ್‌ಕೋರ್ ಅಂತ ಮಾಡುತ್ತಿದ್ದವು. ಇನ್ ಫ್ಲೇಮ್ಸ್ ಕೂಡ ಅದೇ ಹೊತ್ತಿಗೆ ಕೋರಸ್ ಕಡೆಗೆ ಹೊರಟಿತ್ತು. ಯಾರು ಯಾರನ್ನು ನೋಡಿ ಕಲಿತರು ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಕಲಿಕೆ ಎರಡೂ ಕಡೆಯಿಂದ ಆಯಿತು. ‘ಅಮೆರಿಕದವರನ್ನು ಕಾಪಿ ಹೊಡೆದರು’ ಅಂತ ಬೈಯುವವರು ಆ ಅಮೆರಿಕದವರು ಯಾರಿಂದ ಕಲಿತರು ಅಂತಲೂ ಹೇಳಬೇಕಲ್ವಾ?

2004ರ ಸೌಂಡ್‌ಟ್ರ್ಯಾಕ್ ಟು ಯುವರ್ ಎಸ್ಕೇಪ್ ಈ ಪ್ರಯೋಗವನ್ನು ಇನ್ನೂ ಮುಂದಕ್ಕೆ ಒಯ್ದಿತು. ಗಿಟಾರ್ ರಾಗ ತುಂಬ ಹಿಂದೆ ಸರಿದ ಆಲ್ಬಮ್ ಇದು. ಶುರುವಿಗೆ ಬೇಡ.

ಶುರುವಿಗೆ ಬೇಕಾದದ್ದು 2006ರ ಕಮ್ ಕ್ಲಾರಿಟಿ. ಯಾರಾದರೂ ‘ಒಂದೇ ಒಂದು ಆಲ್ಬಮ್ ಹೇಳು’ ಅಂದರೆ, ಅದರಲ್ಲೂ ಮೆಟಲ್ ಜಾಸ್ತಿ ಕೇಳದವರು ಕೇಳಿದರೆ, ನಾನು ಹೇಳುವುದು ಇದನ್ನೇ. ‘ಟೇಕ್ ದಿಸ್ ಲೈಫ್’ ಹಾಡಿನಲ್ಲಿ ಡಬಲ್ ಬಾಸ್ ಡ್ರಮ್ಮಿನ ಓಟ, ಹಳೆಯ ಥರದ ಗಿಟಾರ್ ರಾಗ, ಮೇಲೆ ಹಾಡಬಹುದಾದ ಕೋರಸ್, ಮೂರೂ ಒಟ್ಟಿಗೆ ಇವೆ. ಗಿಟಾರ್ ಹೀರೋ 3 ಅನ್ನುವ ವಿಡಿಯೋ ಆಟದಲ್ಲಿ ಈ ಹಾಡು ಇತ್ತು. ಬ್ಯಾಂಡಿನ ಹೆಸರು ಮೊದಲ ಸಲ ಕೇಳಿದ್ದೇ ಆ ಆಟದಿಂದ ಅನ್ನುವವರು ಸಿಗುತ್ತಾರೆ. ಆಲ್ಬಮ್ಮಿನ ಶೀರ್ಷಿಕೆ ಗೀತೆ ನಿಧಾನದ್ದು, ನೇರವಾಗಿ ಮನಸ್ಸಿಗೆ ಹೋಗುವಂಥದ್ದು. ‘ಡೆಡ್ ಎಂಡ್’ನಲ್ಲಿ ಸ್ವೀಡನ್ನಿನ ಪಾಪ್ ಗಾಯಕಿ ಲೀಸಾ ಮಿಸ್ಕೋವ್‌ಸ್ಕಿ ಜೊತೆಗೂಡಿದ್ದಾರೆ. ದನಿ ಹಿಡಿಯುವ ಕಿವಿಗೂ ಗಿಟಾರ್ ಹಿಡಿಯುವ ಕಿವಿಗೂ ಇಲ್ಲಿ ಊಟ ಇದೆ.

2008ರ ಎ ಸೆನ್ಸ್ ಆಫ್ ಪರ್ಪಸ್ ಇದರ ಮುಂದೆ ಸ್ವಲ್ಪ ಸಪ್ಪೆ. ಆದರೆ ಅದರಲ್ಲಿ ‘ದ ಚೋಸನ್ ಪೆಸಿಮಿಸ್ಟ್’ ಅಂತ ಎಂಟು ನಿಮಿಷ ದಾಟುವ ಒಂದು ನಿಧಾನದ ಹಾಡಿದೆ. ಅದರ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಜೆಸ್ಪರ್ ಹೋದ ಮೇಲೆ

ಬ್ಯಾಂಡ್ ಕಟ್ಟಿದ ಜೆಸ್ಪರ್ ಸ್ಟ್ರೋಂಬ್ಲಾಡ್ 2010ರಲ್ಲಿ ಹೊರಟರು. 2011ರ ಸೌಂಡ್ಸ್ ಆಫ್ ಎ ಪ್ಲೇಗ್ರೌಂಡ್ ಫೇಡಿಂಗ್ ಅವರಿಲ್ಲದ ಮೊದಲ ಆಲ್ಬಮ್. ಅದು ಅಷ್ಟೇನೂ ಕೆಟ್ಟದಾಗಿಲ್ಲ. ‘ಡೆಲಿವರ್ ಅಸ್’ ಒಳ್ಳೆಯ ಹಾಡು. 2014ರ ಸೈರನ್ ಚಾರ್ಮ್ಸ್ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಆದದ್ದು. ಅಲ್ಲಿಗೆ ಹಳೆಯ ಅಭಿಮಾನಿಗಳ ತಾಳ್ಮೆ ಮುಗಿಯಿತು. 2016ರ ಬ್ಯಾಟಲ್ಸ್‌ಗೆ ಅಮೆರಿಕದ ಹೋವರ್ಡ್ ಬೆನ್ಸನ್ ಪ್ರೊಡ್ಯೂಸರ್ ಆದರು, ಕೋರಸ್‌ಗಳು ಸ್ಟೇಡಿಯಂ ಅಳತೆಗೆ ಬೆಳೆದವು. ರೇಡಿಯೋ ರಾಕ್ ಇಷ್ಟಪಡುವವರಿಗೆ ಬ್ಯಾಟಲ್ಸ್ ಆರಾಮಾಗಿ ಹಿಡಿಸುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ನನಗೆ ಅದರಲ್ಲಿ ಎರಡನೇ ಸಲ ಹುಡುಕುವುದಕ್ಕೆ ಏನೂ ಸಿಗಲಿಲ್ಲ. 2019ರ ಐ, ದ ಮಾಸ್ಕ್‌ನಲ್ಲಿ ಸ್ವಲ್ಪ ಬಿರುಸು ಮರಳಿತು.

ಇಲ್ಲಿ ಅಭಿಮಾನಿಗಳ ಎರಡು ವಾದಗಳನ್ನು ಪರೀಕ್ಷೆ ಮಾಡಬೇಕು, ಯಾಕೆಂದರೆ ಮುಂದಿನ ದಾರಿಯ ಮಾತಿಗೆ ಅವೇ ಅಡಿಪಾಯ.

ಮೊದಲ ವಾದ: ಜೆಸ್ಪರ್ ಹೋದದ್ದರಿಂದ ಬ್ಯಾಂಡ್ ಹಾಳಾಯಿತು. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ರೀರೂಟ್ ಮಾಡಿದಾಗ ಜೆಸ್ಪರ್ ಇದ್ದರು. ಸೌಂಡ್‌ಟ್ರ್ಯಾಕ್ ಮಾಡಿದಾಗಲೂ ಇದ್ದರು. ಹಳೆಯ ಬಣ ಬೈಯುವ ತಿರುವು ಆದದ್ದೇ ಆ ಐದು ಜನರ ತಂಡ ಪೂರ್ತಿ ಇದ್ದ ಕಾಲದಲ್ಲಿ. ಆ ತಿರುವಿನ ಹೊಣೆಯನ್ನು ಹೋದವರ ತಲೆಗೂ ಕಟ್ಟಲಾಗುವುದಿಲ್ಲ, ಉಳಿದವರ ತಲೆಗೂ ಕಟ್ಟಲಾಗುವುದಿಲ್ಲ.

ಎರಡನೇ ವಾದ: ಅಮೆರಿಕದ ಪ್ರೊಡ್ಯೂಸರ್ ಕೆಡಿಸಿದರು. 2002ರ ತಿರುವಿಗೆ ಕೈಹಾಕಿದ ಬರ್ಗ್‌ಸ್ಟ್ರಾಂಡ್ ಸ್ವೀಡನ್ನಿನವರೇ. ಇನ್ನೂ ದೊಡ್ಡ ತಮಾಷೆ, ‘ಹಳೆಯ ಇನ್ ಫ್ಲೇಮ್ಸ್ ವಾಪಸ್ ಬಂತು’ ಅಂತ ಎಲ್ಲರೂ ಖುಷಿಪಟ್ಟ 2023ರ ಫೋರ್‌ಗಾನ್‌ಗೂ ಪ್ರೊಡ್ಯೂಸರ್ ಅದೇ ಹೋವರ್ಡ್ ಬೆನ್ಸನ್. ಅದೇ ಮನುಷ್ಯ, ಏಳು ವರ್ಷದ ಅಂತರ, ಬೇರೆ ಬೇರೆ ಫಲ. ಅಂದರೆ ಏನು ಮಾಡಬೇಕು ಅನ್ನುವ ತೀರ್ಮಾನ ಬ್ಯಾಂಡಿನ ಒಳಗೇ ಆಗುತ್ತದೆ.

ಫೋರ್‌ಗಾನ್ ನಿಜವಾಗಿ ವಾಪಸಾತಿಯೇ?

ಅರ್ಧ ಹೌದು. ಶುರುವಿನಲ್ಲಿ ಅಕೌಸ್ಟಿಕ್ ಗಿಟಾರಿನ ಸಣ್ಣ ತುಣುಕು, ಅದರ ಹಿಂದೆಯೇ ‘ಸ್ಟೇಟ್ ಆಫ್ ಸ್ಲೋ ಡಿಕೇ’ಯ ವೇಗ. ಹಳೆಯ ಅಭಿಮಾನಿಗಳ ನಾಡಿ ಹಿಡಿದೇ ಮಾಡಿದ ಜೋಡಣೆ ಇದು. ಗಿಟಾರಿನಲ್ಲಿ ಗೆಲೊಟ್ ಜೊತೆಗೆ ಕ್ರಿಸ್ ಬ್ರೊಡೆರಿಕ್ ಇದ್ದಾರೆ. ಮೊದಲು ಮೆಗಾಡೆತ್ ಬ್ಯಾಂಡಿನಲ್ಲಿದ್ದವರು, ಕ್ಲಾಸಿಕಲ್ ಗಿಟಾರ್ ಓದಿಕೊಂಡವರು. ಸೋಲೋಗಳಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ.

ಆದರೆ ಗಮನವಿಟ್ಟು ಕೇಳಿ. ಕೋರಸ್ ಬಂದಾಗ ಮೆಲೋಡಿ ಮತ್ತೆ ಫ್ರಿಡೆನ್ ಅವರ ಕೈಗೆ ಹೋಗುತ್ತದೆ. ಮರಳಿ ಬಂದದ್ದು ವೇಗ, ಬಿರುಸು, ಗ್ರೌಲ್. ಗಿಟಾರ್ ಪೂರ್ತಿ ನಡುವಿನ ಜಾಗಕ್ಕೆ ಮರಳಿಲ್ಲ. ಇದನ್ನು ದಿ ಜೆಸ್ಟರ್ ರೇಸ್ ಪಕ್ಕ ಇಟ್ಟು ನೋಡುವುದು ಅನ್ಯಾಯ. ಇದರ ನಿಜವಾದ ಅಣ್ಣ ಕಮ್ ಕ್ಲಾರಿಟಿ. ಆ ಅಣ್ಣನ ಮುಂದೆ ನಿಲ್ಲಿಸಿದರೆ ಫೋರ್‌ಗಾನ್‌ನ ಮೈಕಟ್ಟು ಗಟ್ಟಿ, ಆದರೆ ನೆನಪಲ್ಲಿ ಉಳಿಯುವ ಹಾಡುಗಳ ಲೆಕ್ಕದಲ್ಲಿ ಕಮ್ ಕ್ಲಾರಿಟಿ ಮುಂದು.

ಶೀರ್ಷಿಕೆ ಗೀತೆಯನ್ನು ಎರಡು ಭಾಗ ಮಾಡಿದ್ದಾರೆ. ಮೊದಲ ಭಾಗ ರೋಷದ್ದು, ಎರಡನೆಯದು ನಿಧಾನದ್ದು, ಹಾಡುವಂಥದ್ದು. ಅಭಿಮಾನಿಗಳ ಎರಡು ಬಣಗಳನ್ನೂ ಒಂದೇ ಹೆಸರಿನಡಿ ಕೂರಿಸಿದ ಹಾಗಿದೆ. ಬೇಕಂತಲೇ ಮಾಡಿದರೋ ಏನೋ. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿದರೆ ಇಡೀ ಬ್ಯಾಂಡಿನ ಗೊಂದಲ ಹತ್ತು ನಿಮಿಷದೊಳಗೆ ಅರ್ಥವಾಗುತ್ತದೆ.

ಪಕ್ಕದ ಮನೆಗಳು

ಇನ್ ಫ್ಲೇಮ್ಸ್‌ನಲ್ಲಿ ಬೇಕಾದದ್ದು ಸಿಗದಿದ್ದರೆ ಅದೇ ಊರಿನಲ್ಲಿ ಬೇರೆ ಬಾಗಿಲುಗಳಿವೆ. ಡಾರ್ಕ್ ಟ್ರಾಂಕ್ವಿಲಿಟಿ ಜೊತೆ ಹೋಲಿಸಿದರೆ ಇನ್ ಫ್ಲೇಮ್ಸ್ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅವರು 1999ರ ಪ್ರೊಜೆಕ್ಟರ್‌ನಲ್ಲೇ ಕ್ಲೀನ್ ವೋಕಲ್ಸ್ ಧಾರಾಳವಾಗಿ ಪ್ರಯೋಗ ಮಾಡಿದರು. ಇನ್ ಫ್ಲೇಮ್ಸ್‌ಗಿಂತ ಮುಂಚೆ! ಅಭಿಮಾನಿಗಳು ಗೊಣಗಿದರು. ಆಮೇಲೆ ಅವರು 2002ರ ಡ್ಯಾಮೇಜ್ ಡನ್‌ನಲ್ಲಿ ಮತ್ತೆ ಗ್ರೌಲ್ ಕಡೆಗೆ ಬಂದರು, ಕ್ಲೀನ್ ದನಿಯನ್ನು ಒಗ್ಗರಣೆಯಷ್ಟೇ ಉಳಿಸಿಕೊಂಡರು. ಮೆಲೋಡಿಯ ಒಂದು ದೊಡ್ಡ ಪಾಲನ್ನು ಕೀಬೋರ್ಡಿಗೆ ಕೊಟ್ಟರು. ಹಾಗಾಗಿ ದನಿ ಬದಲಾಗದೆಯೂ ಸದ್ದು ಹೊಸದಾಯಿತು. 2016ರ ಅಟೋಮಾ, 2024ರ ಎಂಡ್‌ಟೈಮ್ ಸಿಗ್ನಲ್ಸ್ ಎರಡೂ ಅದೇ ದಾರಿಯವು. ಬದಲಾವಣೆ ಬೇಕು, ಆದರೆ ಗಾಬರಿ ಬೇಡ ಅನ್ನುವವರಿಗೆ ಈ ಬ್ಯಾಂಡ್ ವಾಸಿ. ಆದರೆ ಇನ್ ಫ್ಲೇಮ್ಸ್ ಥರ ಒಮ್ಮೆಲೇ ಮೈ ಜುಮ್ಮೆನ್ನಿಸುವ ಹಾಡು ಇವರಲ್ಲಿ ಕಡಿಮೆ. ನಿಧಾನವಾಗಿ ಹತ್ತುವ ಸಂಗೀತ.

ಹಳೆಯ ಇನ್ ಫ್ಲೇಮ್ಸೇ ಬೇಕು, ಆದರೆ ಹೊಸ ರೆಕಾರ್ಡಿಂಗ್‌ನಲ್ಲಿ ಬೇಕು ಅನ್ನುವವರಿಗೆ ದ ಹೇಲೋ ಎಫೆಕ್ಟ್ ಇದೆ. ಜೆಸ್ಪರ್, ಪೀಟರ್ ಐವರ್ಸ್, ಡೇನಿಯಲ್ ಸ್ವೆನ್ಸನ್, ಜೆಸ್ಪರ್ ಜಾಗಕ್ಕೆ ಬಂದು ಗಿಟಾರ್ ನುಡಿಸಿದ್ದ ನಿಕ್ಲಾಸ್ ಎಂಗೆಲಿನ್, ಎಲ್ಲರೂ ಇನ್ ಫ್ಲೇಮ್ಸ್ ಬಿಟ್ಟವರು. ಹಾಡುವುದು ಅದೇ ಮಿಕೇಲ್ ಸ್ಟಾನೆ. ಅವರೂ ಲೂನಾರ್ ಸ್ಟ್ರೈನ್‌ನಲ್ಲಿ ಹಾಡಿದವರು ತಾನೇ, ಹಾಗಾಗಿ ಐದಕ್ಕೆ ಐದೂ ಜನ ಒಂದು ಕಾಲದ ಇನ್ ಫ್ಲೇಮ್ಸ್ ಮನೆಯವರೇ. 2022ರ ಡೇಸ್ ಆಫ್ ದ ಲಾಸ್ಟ್, 2025ರ ಮಾರ್ಚ್ ಆಫ್ ದ ಅನ್‌ಹರ್ಡ್, ಎರಡು ಆಲ್ಬಮ್ ಬಂದಿವೆ. ಗಿಟಾರ್ ಮುಂದೆ, ದನಿ ಲಯಕ್ಕೆ. ಕೇಳುವುದಕ್ಕೆ ಹಿತ. ಆಶ್ಚರ್ಯ ಮಾತ್ರ ಎಲ್ಲೂ ಇಲ್ಲ.

ಕೋರಸ್ಸೇ ಬೇಕಾದರೆ ಹೆಲ್ಸಿಂಗ್‌ಬೋರ್ಗ್‌ನ ಸಾಯಿಲ್‌ವರ್ಕ್ ಕೇಳಿ, 2002ರ ನ್ಯಾಚುರಲ್ ಬಾರ್ನ್ ಕೇಯಾಸ್‌ನಿಂದ ಶುರು ಮಾಡಿ. ಗಿಟಾರಿನ ರಾಗವೇ ಬೇಕು, ವಿಷಾದವೂ ಇರಲಿ ಅಂದರೆ ಫಿನ್ಲೆಂಡಿನ ಇನ್‌ಸೋಮ್ನಿಯಂ. ಅವರ 2016ರ ವಿಂಟರ್ಸ್ ಗೇಟ್ ನಲವತ್ತು ನಿಮಿಷದ ಒಂದೇ ಹಾಡು.

ಮುಂದೆ ಯಾವ ದಾರಿ?

ಈಗ ಇರುವ ತಂಡದಲ್ಲಿ ತೊಂಬತ್ತರ ದಶಕದವರು ಇಬ್ಬರೇ: ಫ್ರಿಡೆನ್, ಗೆಲೊಟ್. ಇಬ್ಬರೂ ಮೊದಲ ಆಲ್ಬಮ್ಮಿನಲ್ಲಿ ಇರಲಿಲ್ಲ. ಫೋರ್‌ಗಾನ್ ಬಂದ ವರ್ಷವೇ ಬಾಸ್ ಗಿಟಾರಿಗೆ ದ ಡಿಲಿಂಜರ್ ಎಸ್ಕೇಪ್ ಪ್ಲಾನ್ ಬ್ಯಾಂಡಿನಲ್ಲಿದ್ದ ಲಿಯಮ್ ವಿಲ್ಸನ್ ಬಂದರು. ಕೈಚಳಕದ ವಿಷಯದಲ್ಲಿ ಇಷ್ಟು ಬಲವಾದ ತಂಡ ಇವರಿಗೆ ಯಾವತ್ತೂ ಇರಲಿಲ್ಲ ಅಂತ ನನ್ನ ಅನಿಸಿಕೆ. ಇದನ್ನು ಇಟ್ಟುಕೊಂಡು ಏನು ಮಾಡಬೇಕು ಅನ್ನುವುದೇ ಈಗಿನ ಚರ್ಚೆ.

ಪೂರ್ತಿ ಹಿಂದಕ್ಕೆ ಹೋಗಿ ಅನ್ನುವವರು ಒಂದು ಗುಂಪು. ಈ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಆ ಕೆಲಸವನ್ನು ಹೇಲೋ ಎಫೆಕ್ಟ್ ಈಗಾಗಲೇ ಮಾಡುತ್ತಿದೆ, ಅದೂ ಆ ಸಂಗೀತ ಕಟ್ಟಿದ ಕೈಗಳಿಂದಲೇ. ಇನ್ ಫ್ಲೇಮ್ಸ್ ಅದನ್ನೇ ಮಾಡಲು ಹೊರಟರೆ ತನ್ನದೇ ಹಳೆಯ ಸದಸ್ಯರ ಜೊತೆ ಪೈಪೋಟಿಗೆ ಇಳಿದ ಹಾಗಾಗುತ್ತದೆ. ಫ್ರಿಡೆನ್ 1973ರಲ್ಲಿ ಹುಟ್ಟಿದವರು. ಇಪ್ಪತ್ತಮೂರರ ಗಂಟಲು ಐವತ್ತು ದಾಟಿದವರಿಂದ ಬರಬೇಕು ಅನ್ನುವುದೂ ಅತಿಯಾಸೆ.

ಇನ್ನೊಂದು ಗುಂಪು ಬ್ಯಾಟಲ್ಸ್ ದಾರಿಯಲ್ಲಿ ಪೂರ್ತಿ ಮುಂದಕ್ಕೆ ಹೋಗಿ, ದೊಡ್ಡ ಮೈದಾನ ತುಂಬಿಸಿ ಅನ್ನುತ್ತದೆ. ಈ ಗುಂಪು ಸಣ್ಣದು, ಆದರೆ ಅದರ ವಾದದಲ್ಲಿ ತೂಕ ಇಲ್ಲದಿಲ್ಲ. ಬ್ಯಾಂಡಿಗೆ ಹೊಸ ಕೇಳುಗರು ಬಂದದ್ದು ಕೋರಸ್‌ಗಳಿಂದಲೇ. ತೊಂದರೆ ಏನೆಂದರೆ ಆ ಥರದ ಹಾಡು ಮಾಡುವ ಬ್ಯಾಂಡುಗಳು ಬೇಕಾದಷ್ಟಿವೆ, ಕೆಲವರು ಇವರಿಗಿಂತ ಚೆನ್ನಾಗಿ ಮಾಡುತ್ತಾರೆ. ಅಲ್ಲಿ ಇವರ ಗುರುತು ಉಳಿಯುವುದಿಲ್ಲ.

ಫೋರ್‌ಗಾನ್ ಥರವೇ ಇನ್ನೊಂದು ಕೊಡಿ ಅನ್ನುವವರು ಜಾಸ್ತಿ. ಅಪಾಯವಿಲ್ಲದ ದಾರಿ. ಅರ್ಧ ಅವರಿಗೆ, ಅರ್ಧ ಇವರಿಗೆ. ಒಂದು ಸಲ ಚೆನ್ನ. ಎರಡನೇ ಸಲ ಅದು ಲೆಕ್ಕಾಚಾರ ಅಂತ ಗೊತ್ತಾಗಿಬಿಡುತ್ತದೆ.

ನನಗೆ ಬೇಕಾದದ್ದು ಯಾರೂ ಹೆಚ್ಚು ಮಾತಾಡದ ನಾಲ್ಕನೇ ದಾರಿ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ‘ದ ಚೋಸನ್ ಪೆಸಿಮಿಸ್ಟ್’. ಅದರಲ್ಲಿ ಅವಸರ ಇಲ್ಲ. ಗಿಟಾರ್ ನಿಧಾನವಾಗಿ ಶುರುವಾಗಿ ಒಂದೊಂದೇ ಪದರ ಏರುತ್ತ ಹೋಗುತ್ತದೆ, ಫ್ರಿಡೆನ್ ಅವರ ದನಿಯೂ ಹಾಗೇ ಪಿಸುಮಾತಿನಿಂದ ಕಿರುಚಾಟದವರೆಗೆ ಏರುತ್ತದೆ. ಗಿಟಾರ್ ದೊಡ್ಡದೋ ದನಿ ದೊಡ್ಡದೋ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ, ಎರಡಕ್ಕೂ ಬೇಕಾದಷ್ಟು ಹೊತ್ತು ಇದೆ. ನಾಲ್ಕು ನಿಮಿಷದ ಹಾಡಿನ ಚೌಕಟ್ಟಿನಲ್ಲಿ ಒಬ್ಬರಿಗೆ ಜಾಗ ಕೊಡಬೇಕಾದರೆ ಇನ್ನೊಬ್ಬರನ್ನು ಸರಿಸಲೇಬೇಕು. ಎಂಟು ಹತ್ತು ನಿಮಿಷ ಇದ್ದರೆ ಹಾಗಿಲ್ಲ. ಬ್ರೊಡೆರಿಕ್ ಅವರಂಥ ಗಿಟಾರಿಸ್ಟನ್ನು ಇಟ್ಟುಕೊಂಡು ಎಂಟು ಸಾಲಿನ ಸೋಲೋ ಅಷ್ಟೇ ಕೊಡುವುದು ದಂಡ. ಅವರಿಗೆ ಒಂದು ಪೂರ್ತಿ ವಾದ್ಯದ ಹಾಡು ಕೊಡಲಿ. ಹಳೆಯ ಆಲ್ಬಮ್‌ಗಳಲ್ಲಿ ಅಂಥವು ಇದ್ದವು. ಫೋರ್‌ಗಾನ್ ಶುರುವಿನ ಅಕೌಸ್ಟಿಕ್ ತುಣುಕು ಅದರ ಸುಳಿವು ಕೊಟ್ಟು ಅಲ್ಲೇ ನಿಂತುಬಿಡುತ್ತದೆ. ಅದನ್ನೇ ಇನ್ನೂ ಆರು ನಿಮಿಷ ಬೆಳೆಸಬಹುದಿತ್ತು.

ಇದಕ್ಕೆ ಎದುರು ಮಾತೂ ಇದೆ. ಉದ್ದದ ಹಾಡು ವೇದಿಕೆಯಲ್ಲಿ ಜನರನ್ನು ತಣ್ಣಗೆ ಮಾಡುತ್ತದೆ, ಸಂಗೀತ ಹಬ್ಬಗಳಲ್ಲಿ ಸಿಗುವ ಒಂದು ಗಂಟೆಯಲ್ಲಿ ಯಾರಿಗೆ ಬೇಕು ಹತ್ತು ನಿಮಿಷದ ಹಾಡು ಅನ್ನುತ್ತಾರೆ. ನಿಜವೇ. ಆದರೆ ಸ್ವೀಡನ್ನಿನದೇ ಆದ ಓಪೆತ್ ಬ್ಯಾಂಡ್ ಹತ್ತು ನಿಮಿಷದ ಹಾಡುಗಳನ್ನು ಇಟ್ಟುಕೊಂಡೇ ಜಗತ್ತು ಸುತ್ತಿದೆ. ಜನ ನಿಂತು ಕೇಳಿದ್ದಾರೆ.

ಹಾಗಾದರೆ ಇವತ್ತು ಸಂಜೆ ಏನು ಹಾಕುವುದು?

ಸಿನಿಮಾ ಹಾಡು, ರಾಕ್ ಕೇಳಿ ಅಭ್ಯಾಸ ಇದ್ದು ಗ್ರೌಲ್ ಹೊಸತಾದರೆ ಕಮ್ ಕ್ಲಾರಿಟಿ ಹಾಕಿ. ಅದು ಹಿಡಿಸಿದರೆ ಎರಡು ಕವಲು. ಕೋರಸ್ ಇಷ್ಟವಾಗಿದ್ದರೆ ಮುಂದಕ್ಕೆ ಫೋರ್‌ಗಾನ್‌ಗೆ ಹೋಗಿ, ಗಿಟಾರ್ ಇಷ್ಟವಾಗಿದ್ದರೆ ಹಿಂದಕ್ಕೆ ಕ್ಲೇಮನ್‌ಗೆ. ಮೇಡನ್ ಕೇಳಿ ಬೆಳೆದವರಾದರೆ ಸುತ್ತು ಬಳಸುವುದೇ ಬೇಡ, ನೇರವಾಗಿ ದಿ ಜೆಸ್ಟರ್ ರೇಸ್. ಅದು ಮೊದಲ ದಿನ ಹತ್ತದಿದ್ದರೆ ಒಂದು ವಾರ ಬಿಟ್ಟು ಮತ್ತೆ ಹಾಕಿ, ಅಷ್ಟರಲ್ಲಿ ಆ ರಾಗಗಳು ತಲೆಯಲ್ಲಿ ಒಂದು ಕಡೆ ಕೂತಿರುತ್ತವೆ, ಬೇರೆಯೇ ಥರ ಕೇಳಿಸುತ್ತದೆ. ಸೈರನ್ ಚಾರ್ಮ್ಸ್, ಬ್ಯಾಟಲ್ಸ್ ಕೊನೆಗೆ ಇರಲಿ. ಅಷ್ಟು ಹೊತ್ತಿಗೆ ಫ್ರಿಡೆನ್ ಅವರ ದನಿಯ ಮೇಲೆ ಪ್ರೀತಿ ಹುಟ್ಟಿದ್ದರೆ ಅವುಗಳಲ್ಲೂ ಒಂದೆರಡು ಹಾಡು ಸಿಗುತ್ತವೆ. ಹುಟ್ಟದಿದ್ದರೆ ಅವನ್ನು ಕೇಳದೆಯೂ ಏನೂ ಕಳೆದುಕೊಂಡ ಹಾಗಲ್ಲ.